ದೋಣಿ ಆಟಕ್ಕೆ ಇಬ್ಬರು ಬೇಕು

ಲಾಂಡ್ರಿಯವನಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತದೆ ಎಂದು ಜನ ಹೇಳುತ್ತಾರೆ. ಸುಳ್ಳು. ನನಗೆ ಊರಿನ ಒಂದು ಗುಟ್ಟೂ ಗೊತ್ತಿಲ್ಲ. ಯಾರು ಯಾವ ಪುಸ್ತಕದೊಳಗೆ ಹೋಗಿದ್ದರು, ಯಾವ ವಿಡಿಯೋ ಗೇಮಿನೊಳಗೆ ಎಷ್ಟು ದೂರ ನಡೆದರು, ಎಲ್ಲಿ ಕಾಲು ಜಾರಿತು, ಇಷ್ಟೇ ಗೊತ್ತು. ಅದನ್ನು ಬಟ್ಟೆಯ ಮೇಲಿನ ಕಲೆ ನೋಡಿ ಹೇಳುತ್ತೇನೆ.

ನಂಬದಿದ್ದರೆ ಬಿಡಿ. ನಾನೂ ಮೊದಮೊದಲು ನಂಬಿರಲಿಲ್ಲ. ಕೋರ್ಟಿನ ಗುಮಾಸ್ತರೊಬ್ಬರ ಅಂಗಿಯ ಬಲಗೈ ಕಫ್‌ನಲ್ಲಿ ಹಸಿರು ಮಿಶ್ರಿತ ಮಸಿ ಕಂಡಾಗ ಪೆಟ್ರೋಲ್ ಹಾಕಿ ಉಜ್ಜಿದೆ. ಜಗ್ಗಲಿಲ್ಲ. ಆ ವಾರ ಅವರು ಡ್ರ್ಯಾಗನ್ ಕಥೆ ಓದುತ್ತಿದ್ದರೆಂದು ಆಮೇಲೆ ತಿಳಿಯಿತು. ಡ್ರ್ಯಾಗನ್ ಮಸಿಗೆ ಪೆಟ್ರೋಲ್ ಕೆಲಸ ಮಾಡುವುದಿಲ್ಲ, ಬೆಚ್ಚಗಿನ ನೀರಿಗೆ ಎರಡು ಚಮಚ ವಿನಿಗರ್ ಹಾಕಬೇಕು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಹೆಂಗಸಿನ ಪ್ಯಾಂಟಿನ ಮಡಿಕೆಯಲ್ಲಿ ಚಂದ್ರನ ಧೂಳು ಸಿಕ್ಕಿತ್ತು. ಆಕೆ ಚಂದ್ರನ ಮೇಲೆ ಆಲೂಗಡ್ಡೆ ಬೆಳೆಯುವ ಆಟ ಆಡುತ್ತಿದ್ದಳು. ಆ ಧೂಳನ್ನು ಜರಡಿ ಹಿಡಿದು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ. ಹಿತ್ತಾಳೆ ಉಜ್ಜಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎಲ್ಲರ ಬಟ್ಟೆಗೂ ಕಲೆ ಆಗುವುದಿಲ್ಲ. ಪುಟ ತಿರುವಿದವರಿಗೆ ಆಗುವುದಿಲ್ಲ, ಗುಂಡಿ ಒತ್ತಿದವರಿಗೆ ಆಗುವುದಿಲ್ಲ. ಕೂತ ಕುರ್ಚಿ ಮರೆತು ಒಳಗೆ ಹೋದವರಿಗೆ ಮಾತ್ರ ಆಗುತ್ತದೆ.

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಒಗೆದು ಇಸ್ತ್ರಿಯಾದ ಬಟ್ಟೆಯ ಕಾಲರಿಗೆ ನಂಬರ್ ಚೀಟಿ ಪಿನ್ ಮಾಡಿರುತ್ತೇನಲ್ಲ, ಅದರ ಕೆಳಗೆ ಇನ್ನೊಂದು ಚೀಟಿ ಇರುತ್ತದೆ. ಅದರಲ್ಲಿ ಒಂದು ಪುಸ್ತಕದ ಹೆಸರು ಅಥವಾ ಒಂದು ಆಟದ ಹೆಸರು, ಪಕ್ಕದಲ್ಲಿ ಒಂದು ಸಾಲು. ಮೊಣಕೈಯಲ್ಲಿ ಬಟ್ಟೆ ಸವೆದಿದ್ದರೆ ಮೇಜಿಗೆ ಅಂಟಿಕೊಂಡ ಮನುಷ್ಯ, ಅವನಿಗೆ ಬಯಲಲ್ಲಿ ಸುಮ್ಮನೆ ಕುದುರೆ ಓಡಿಸುವ ಆಟ. ಜೇಬಿನಲ್ಲಿ ಕಡಿದ ಪೆನ್ಸಿಲ್ ಚೂರಿದ್ದರೆ ಚಿಂತೆ ಇರುವ ಮನುಷ್ಯ, ಅವನಿಗೆ ಕೊಲೆಗಾರ ಯಾರೆಂದು ಮೂರನೇ ಪುಟದಲ್ಲೇ ಗೊತ್ತಾಗುವ ಪತ್ತೇದಾರಿ. ಶುರುವಿನಲ್ಲಿ ಜನ ಚೀಟಿಯನ್ನು ಬಾಗಿಲಲ್ಲೇ ಬಿಸಾಡುತ್ತಿದ್ದರು. ಈಗ ಬಟ್ಟೆಯಲ್ಲಿ ಗುಂಡಿ ಇಲ್ಲದಿದ್ದರೂ ಸುಮ್ಮನಿರುತ್ತಾರೆ, ಚೀಟಿ ಇಲ್ಲದಿದ್ದರೆ ಜಗಳಕ್ಕೆ ಬರುತ್ತಾರೆ.

ನನಗೆ ಎರಡು ನಿಯಮಗಳಿದ್ದವು. ನಾನು ಮುಗಿಸದ್ದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಒಂದು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಎರಡನ್ನೂ ಒಂದೇ ದಿನ ಮುರಿದೆ. ಅದಕ್ಕೆ ಕಾರಣ ನನ್ನ ಭಾವ.

ಭಾವ ಎಂದರೆ ಅಕ್ಕನ ಗಂಡ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವುದು ಅವರ ಕೆಲಸ. ಎರಡು ಬಸ್ಸು ಒಂದೇ ನಿಮಿಷಕ್ಕೆ ಒಂದೇ ನಿಲ್ದಾಣಕ್ಕೆ ಬಂದರೆ ಅವರಿಗೆ ಊಟ ಸೇರುವುದಿಲ್ಲ. ನೋಡಿದರೆ ಕನಸಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅನ್ನಬೇಕು. ಆದರೆ ಪುಸ್ತಕದೊಳಗೆ ಅವರಷ್ಟು ಆಳಕ್ಕೆ ಹೋದವರನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಒಂದು ಗಂಟೆ ಹತ್ತು ನಿಮಿಷದಿಂದ ಒಂದು ಮೂವತ್ತೈದರವರೆಗೆ, ಡಿಪೋದ ಕಲ್ಲು ಬೆಂಚಿನ ಮೇಲೆ ಕೂತು ದಿನಕ್ಕೆ ಒಂದು ಅಧ್ಯಾಯ ಓದುತ್ತಿದ್ದರು. ಹೊರಟ ನಿಮಿಷಕ್ಕೆ ಹೊರಟು, ಹೇಳಿದ ನಿಮಿಷಕ್ಕೆ ವಾಪಸ್ ಬರುವ ಕನಸುಗಾರ ಈ ಲೋಕದಲ್ಲಿ ಅವರೊಬ್ಬರೇ. ಅವರ ಕೋಟಿನ ಹೆಗಲಲ್ಲಿ ನಾನು ಹಿಮ ಕಂಡಿದ್ದೇನೆ. ಒಮ್ಮೆ ಜೇಬಿನಿಂದ ಒಂದು ಸಣ್ಣ ಕಪ್ಪೆ ಹಾರಿ, ಇಸ್ತ್ರಿ ಮೇಜಿನ ಮೇಲೆ ಕೂತು, ನನ್ನನ್ನು ನೋಡಿ, ಅರ್ಥವಾಗದ ಭಾಷೆಯಲ್ಲಿ ಏನೋ ಬೈದು ಹೊರಟುಹೋಯಿತು.

ಆರು ವರ್ಷದಿಂದ ಅವರು ‘ಉಪ್ಪಿನ ಗೋಪುರ’ ಓದುತ್ತಿದ್ದರು. ಒಟ್ಟು ಹನ್ನೊಂದು ಸಂಪುಟ, ಓದಿದ್ದೆಲ್ಲ ನನ್ನ ಚೀಟಿಯಿಂದಲೇ. ಪ್ರತಿ ಶುಕ್ರವಾರ ಬಟ್ಟೆ ತಂದು ಅಂಗಡಿಯ ಸ್ಟೂಲಿನ ಮೇಲೆ ಕೂತು, ಗೋಪುರದ ಯಾವ ಮೆಟ್ಟಿಲು ಸಡಿಲ, ಯಾವ ಕಾವಲುಗಾರ ನಂಬಿಕಸ್ಥ ಎಂದು ನನ್ನೊಂದಿಗೆ ವಾದಿಸುತ್ತಿದ್ದರು. ನನ್ನ ವಾರ ಶುಕ್ರವಾರಕ್ಕೆ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತಿತ್ತು.

ಅವರು ಹತ್ತನೇ ಸಂಪುಟ ಮುಗಿಸಿದ ವಾರ ನಾನು ಹನ್ನೊಂದನೆಯದನ್ನು ಮುಗಿಸಿದೆ. ಮುಗಿಸಿದ ಬಿಸಿಯಲ್ಲೇ ಅವರ ಕೋಟಿಗೆ ಚೀಟಿ ಬರೆದೆ: ‘ಹನ್ನೊಂದನೇ ಸಂಪುಟ. ದೀಪ ಆರಿಸುವುದು ಇಂಥವರೇ ಎಂದು ಗೊತ್ತಾಗುವಾಗ ಕರವಸ್ತ್ರ ಹತ್ತಿರ ಇರಲಿ.’ ಇಂಥವರು ಅಂದಲ್ಲಿ ಹೆಸರೇ ಬರೆದಿದ್ದೆ. ಇಲ್ಲಿ ಬಿಟ್ಟಿದ್ದೇನೆ. ನೀವು ಇನ್ನೂ ಓದಿರಲಿಕ್ಕಿಲ್ಲ.

ಭಾವ ಮರುದಿನ ಬಂದರು. ಚೀಟಿಯನ್ನು ಕಟ್ಟೆಯ ಮೇಲಿಟ್ಟರು. ಆ ಹೆಸರಿನ ಕೆಳಗೆ ತೋರುಬೆರಳಿಟ್ಟು ನನ್ನ ಮುಖ ನೋಡಿದರು. ಬೆರಳು ತೆಗೆದು ಹೊರಟುಹೋದರು. ಶುಕ್ರವಾರ ಬರಲಿಲ್ಲ. ಪಕ್ಕದ ಬೀದಿಯಲ್ಲಿ ನಾವೇ ಗುಂಡಿ ಒತ್ತಿ ನಾವೇ ಒಗೆದುಕೊಳ್ಳುವ ಯಂತ್ರಗಳ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗತೊಡಗಿದರು.

ಎರಡು ವರ್ಷ ಮಾತಿಲ್ಲ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತರೆ ಹೀಗೆ ನಡೆಯುತ್ತಿತ್ತು:

“ನಿನ್ನ ತಮ್ಮನಿಗೆ ಹೇಳು, ಉಪ್ಪು ಆ ಕಡೆ ಇದೆ ಅಂತ.”

“ಅಕ್ಕ, ಭಾವನಿಗೆ ಹೇಳು, ಸಿಕ್ತು ಅಂತ.”

“ಇಬ್ಬರಿಗೂ ಹೇಳ್ತೀನಿ ಕೇಳಿ,” ಅಕ್ಕ ಸೌಟು ಎತ್ತುತ್ತಿದ್ದಳು, “ನಾನೇನು ಟೆಲಿಫೋನ್ ಎಕ್ಸ್‌ಚೇಂಜ್ ಇಟ್ಕೊಂಡಿಲ್ಲ. ದೇವರು ನಿಮಗೂ ಬಾಯಿ ಕೊಟ್ಟಿದ್ದಾನೆ. ಬರೀ ತಿನ್ನೋಕಲ್ಲ.”

ಒಂದು ಮಂಗಳವಾರ ಅಕ್ಕ ಅಂಗಡಿಗೆ ಬಂದಳು. ಕಂಕುಳಲ್ಲಿ ಒಂದು ಗಂಟು. ಅದನ್ನು ಕಟ್ಟೆಯ ಮೇಲೆ ಬಿಚ್ಚಿದಳು. ಭಾವನ ನಾಲ್ಕು ಅಂಗಿ, ಎರಡು ಪ್ಯಾಂಟು.

“ನೋಡು.”

“ಏನಿದೆ ಇದ್ರಲ್ಲಿ?”

“ಏನೂ ಇಲ್ಲ. ಅದನ್ನೇ ನೋಡು ಅಂದಿದ್ದು.”

ಕಫ್ ನೋಡಿದೆ, ಕಾಲರ್ ನೋಡಿದೆ, ಪ್ಯಾಂಟಿನ ಮಡಿಕೆ ಬಿಡಿಸಿದೆ. ಮೂಸಿದೆ. ಸೋಪಿನ ವಾಸನೆ. ಬೆವರಿನ ಗುರುತು. ಊಟದ ಒಂದು ಹನಿ. ಹಿಮ ಇಲ್ಲ, ಮಸಿ ಇಲ್ಲ, ಕಪ್ಪೆ ಇಲ್ಲ. ಭಾವನ ಬಟ್ಟೆ ಇಷ್ಟು ಶುಭ್ರವಾಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ.

“ಎರಡು ವರ್ಷದಿಂದ ಹೀಗೇ,” ಅಂದಳು ಅಕ್ಕ. “ಪುಸ್ತಕ ತೆಗೀತಾರೆ, ನಾಲ್ಕು ಪುಟ ಓದ್ತಾರೆ, ಮುಚ್ಚಿಡ್ತಾರೆ. ಕೇಳಿದ್ರೆ, ‘ಕೊನೆ ಮೊದಲೇ ಎದುರಿಗೆ ಬಂದು ನಿಲ್ಲುತ್ತೆ ಕಣೇ’ ಅಂತಾರೆ. ಆಟಾನೂ ಅಷ್ಟೇ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಕೂತಿರ್ತಾರಲ್ಲ, ಹಂಗೆ ಟಿವಿ ಮುಂದೆ ಕೂತಿರ್ತಾರೆ. ಕನಸೂ ಬೀಳಲ್ವಂತೆ. ಹಲಗೆ ಥರ ಮಲಗಿ ಹಲಗೆ ಥರ ಏಳ್ತಾರೆ. ನಾನು ಮದುವೆಯಾಗಿದ್ದು ಮನುಷ್ಯನ್ನ, ಹಲಗೇನಲ್ಲ.”

“ನಾನೇನು ಮಾಡ್ಲಿ ಅಕ್ಕ? ತಪ್ಪಾಯ್ತು ಅಂತ ನಿನ್ನ ಹತ್ರ ನೂರು ಸಲ ಹೇಳಿ ಕಳಿಸಿದ್ದೀನಿ.”

“ತಪ್ಪಾಯ್ತು ಅಂದ್ರೆ ಕಲೆ ಹೋಗುತ್ತಾ? ನಿನ್ನ ಗಿರಾಕಿಗಳಿಗೆ ಹಂಗಂತೀಯಾ?” ಅಕ್ಕ ಗಂಟು ಕಟ್ಟಿದಳು. “ಇನ್ನೊಂದು ವಿಷಯ. ಅವರಿಗೆ ವರ್ಗ ಆಗಿದೆ. ಎಂಟು ಗಂಟೆ ದಾರಿ. ಬರೋ ವಾರ ಬಿಟ್ಟು ಅದರಾಚೆ ಸೋಮವಾರ ಹೊರಡ್ತೀವಿ. ಗಂಟು ಹಾಕಿದೋನು ನೀನು, ಬಿಚ್ಚೋನೂ ನೀನೇ. ಅಷ್ಟರೊಳಗೆ ಏನಾದ್ರೂ ಮಾಡು. ಆ ಮನುಷ್ಯ ಈ ಬಟ್ಟೆಯಲ್ಲೇ ಹೊರಟ್ರೆ ಅಲ್ಲಿ ಹೋಗಿ ಪೂರ್ತಿ ಹಲಗೇನೇ ಆಗೋದು.”

ಹದಿಮೂರು ದಿನ ಇತ್ತು. ನಾನು ಬುದ್ಧಿವಂತ, ಹಾಗಾಗಿ ಮೊದಲು ಮೋಸದ ದಾರಿ ಹಿಡಿದೆ.

ಅಂಗಡಿ ಹಿಂದೆ ನೀರಿನ ಪೀಪಾಯಿ ಇದೆ. ಅದರ ತಳದ ಪಾಚಿ ಕೆರೆದು, ಅಕ್ಕನಿಂದ ತರಿಸಿಕೊಂಡ ಭಾವನ ಪ್ಯಾಂಟಿನ ಅಂಚಿಗೆ ಹಚ್ಚಿ, ನಿದ್ದೆಯಲ್ಲಿ ಯಾವುದೋ ಜೌಗು ದಾಟಿ ಬಂದವರಂತೆ ಕಾಣುವ ಹಾಗೆ ಮಾಡಿ ಅಕ್ಕನ ಕೈಯಲ್ಲಿ ಕಳಿಸಿದೆ. ತಾನು ಮತ್ತೆ ಒಳಗೆ ಹೋಗಬಲ್ಲೆ ಎಂದು ಮನುಷ್ಯನಿಗೆ ಧೈರ್ಯ ಬಂದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದು ನನ್ನ ಲೆಕ್ಕಾಚಾರ.

ಮರುದಿನ ಅಕ್ಕ ಪ್ಯಾಂಟನ್ನು ಎರಡು ಬೆರಳಲ್ಲಿ ಹಿಡಿದು ತಂದಳು.

“ಅವರು ಮೂಸಿ ನೋಡಿದ್ರು.”

“ಏನಂದ್ರು?”

“‘ನಿನ್ನ ತಮ್ಮನಿಗೆ ಹೇಳು, ಪೀಪಾಯಿ ತೊಳೆದು ಎಷ್ಟು ದಿನ ಆಯ್ತು ಅಂತ’ ಅಂದ್ರು.”

ಆಮೇಲೆ ಸರಿಯಾದ ದಾರಿ ಹಿಡಿದೆ ಎಂದುಕೊಂಡೆ. ನನ್ನ ಕಪಾಟಿನಲ್ಲಿ ಅತ್ಯುತ್ತಮವಾದದ್ದನ್ನೆಲ್ಲ ಆರಿಸಿ ಚೀಟಿ ಬರೆದೆ. ಮೋಡಗಳಿಗೆ ಅಂಚೆ ಹಂಚುವವನ ಆಟ. ಮುದುಕಿಯೊಬ್ಬಳು ತನ್ನ ನೆರಳಿಗೆ ಅಡುಗೆ ಕಲಿಸುವ ಕಾದಂಬರಿ. ಮಾತಿಲ್ಲದ ಚಿತ್ರಗಳ ಒಂದು ದಪ್ಪ ಪುಸ್ತಕ, ಅದನ್ನು ಓದಿದ ಬೇಕರಿಯವನು ಮೂರು ದಿನ ಬ್ರೆಡ್ ಬೇಯಿಸುವುದನ್ನು ಮರೆತಿದ್ದ. ದಿನಕ್ಕೊಂದು ಚೀಟಿ, ಅಕ್ಕನ ಕೈಯಲ್ಲಿ. ದಿನಕ್ಕೊಂದು ವಾಪಸ್ ಬಂತು. ಪ್ರತಿಯೊಂದರ ಹಿಂದೆ ಭಾವನ ನೇರವಾದ ಅಕ್ಷರ, ವೇಳಾಪಟ್ಟಿಯಲ್ಲಿ ಬರೆದ ಹಾಗೆ: ‘ಇದರ ಕೊನೆ ನಿನಗೆ ಗೊತ್ತು.’

ಐದನೆಯ ಚೀಟಿ ವಾಪಸ್ ಬಂದಾಗ ನಾನು ಒಂದು ರೇಷ್ಮೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅರ್ಥವಾದ ಕ್ಷಣದಲ್ಲಿ ಕೈ ನಿಂತಿತು, ಅಂಗಿಯ ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರ ಮೂಡಿತು. (ಆ ಗಿರಾಕಿಗೆ ಅದು ಹಡಗಿನ ಗುರುತು ಎಂದು ಹೇಳಿದ್ದೇನೆ. ಅವರು ಸಮುದ್ರದ ಕಥೆಗಳನ್ನೇ ಓದುವವರು. ನಂಬಿದರು.) ಭಾವನಿಗೆ ಕೊನೆಯ ಭಯ ಇರಲಿಲ್ಲ. ಕೊನೆ ಗೊತ್ತಿರುವವನು ಒಬ್ಬ ಹೊರಗೆ ಕಾದು ನಿಂತಿದ್ದಾನೆ ಎಂಬ ಭಯ. ಅವರು ಯಾವ ಪುಸ್ತಕ ತೆರೆದರೂ ಆಚೆ ತುದಿಯಲ್ಲಿ ನಾನು ನಿಂತು, ಹಲ್ಲು ಕಿರಿದು, ಬಾಯಿ ತೆರೆಯಲಿದ್ದೆ.

ಅಂದರೆ ನಾನೇ ಮುಗಿಸದ ಒಂದನ್ನು ಕೊಡಬೇಕು. ಅಂಥದ್ದು ನನ್ನ ಬಳಿ ಒಂದೇ ಇತ್ತು.

ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಹ್ಯಾಂಗರ್‌ಗಳ ಹಿಂದೆ. ಒಂದು ಹಳೆಯ ವಿಡಿಯೋ ಗೇಮ್. ಹೊದಿಕೆ ಹರಿದು ಹೋಗಿ ಹೆಸರು ಯಾರಿಗೂ ಗೊತ್ತಿಲ್ಲ, ನಾವು ದೋಣಿ ಆಟ ಎನ್ನುತ್ತಿದ್ದೆವು. ಮಂಜು ಮುಸುಕಿದ ಒಂದು ಸರೋವರ. ಅದರಲ್ಲಿ ಚಿಕ್ಕ ಚಿಕ್ಕ ದ್ವೀಪಗಳು. ದೋಣಿ ನಡೆಸುತ್ತ ಹೋಗುವುದು, ಅಷ್ಟೇ. ಶತ್ರು ಇಲ್ಲ, ಯುದ್ಧ ಇಲ್ಲ. ಹದಿನೇಳು ವರ್ಷದ ಹಿಂದೆ ಒಬ್ಬನೇ ನಲವತ್ತು ಗಂಟೆ ಹುಟ್ಟು ಹಾಕಿ ಕೊನೆಯ ದೋಣಿಕಟ್ಟೆಗೆ ಬಂದಿದ್ದೆ. ಅಲ್ಲಿ ದೋಣಿ ಬದಲಾಗುತ್ತದೆ. ದೊಡ್ಡ ದೋಣಿ, ಎರಡು ಹುಟ್ಟು. ಒಂದು ನನ್ನ ಮಾತು ಕೇಳುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಇನ್ನೊಬ್ಬ ಆಟಗಾರ ಬೇಕು. ಎರಡನೆಯ ಕಂಟ್ರೋಲರ್ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. ಊರಿಗೆಲ್ಲ ಶಿಫಾರಸು ಮಾಡುವವನು ಹೋಗಿ, ‘ಸ್ವಲ್ಪ ಜೊತೆಗೆ ಬರ್ತೀರಾ’ ಎಂದು ಯಾರನ್ನಾದರೂ ಕೇಳುವುದು ಹೇಗೆ? ಕೇಳಲಿಲ್ಲ. ಮುಚ್ಚಿಟ್ಟೆ.

ಅಷ್ಟೇ ಆಗಿದ್ದರೆ ಸುಲಭವಿತ್ತು. ಆ ವರ್ಷವೇ ಭಾವ, “ದೋಣಿ ಆಟ ಮುಗಿಸಿದ್ಯಾ?” ಎಂದು ಕೇಳಿದ್ದರು. “ಓಹೋ, ಕೊನೆ ಅಂದ್ರೆ ಕೊನೆ ಭಾವ” ಎಂದಿದ್ದೆ. ನಾನು ಕೊನೆಯವರೆಗೆ ಆಡಿದ್ದೆಂದರೆ ಒಳ್ಳೆಯದೇ ಇರಬೇಕೆಂದು ಅವರು ಅದನ್ನು ಮುಟ್ಟದೆ ಉಳಿಸಿಕೊಂಡಿದ್ದರು. ನಿಧಾನಕ್ಕೆ ಆಡೋಣ, ಒಳ್ಳೆಯದನ್ನು ಕೊನೆಗೆ ಇಟ್ಟುಕೊಳ್ಳೋಣ ಎನ್ನುತ್ತಿದ್ದರು.

ಶನಿವಾರ ಚೀಟಿ ಬರೆದೆ. ನನ್ನ ಅಕ್ಷರ ಇಷ್ಟು ಸಣ್ಣದಾಗಬಲ್ಲದೆಂದು ನನಗೇ ಗೊತ್ತಿರಲಿಲ್ಲ.

‘ಭಾವ, ದೋಣಿ ಆಟ ನಾನು ಮುಗಿಸಿಲ್ಲ. ಮುಗಿಸಿದ್ದೇನೆ ಎಂದದ್ದು ಸುಳ್ಳು. ಕೊನೆಯಲ್ಲಿ ಏನಿದೆಯೋ ದೇವರಾಣೆ ಗೊತ್ತಿಲ್ಲ. ಅದಕ್ಕೆ ಇಬ್ಬರು ಬೇಕು, ನನಗೆ ಯಾರೂ ಇರಲಿಲ್ಲ. ನಾಳೆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಅಂಗಡಿಯಲ್ಲಿ.’

ಅಕ್ಕ ಓದಿದಳು. ಓದಬೇಡ ಎಂದು ಹೇಳಿದ್ದೆ, ಅದಕ್ಕೇ ಓದಿದಳು.

“ಹದಿನೇಳು ವರ್ಷ!” ಅಂದಳು. “ನೀನು ಹುಟ್ಟಿದಾಗಲೇ ಅಮ್ಮ ಹೇಳಿದ್ಲು, ಇದರ ಮೂಗು ನೋಡು, ಇದು ಸುಳ್ಳು ಹೇಳುತ್ತೆ ಅಂತ.” ಚೀಟಿಯನ್ನು ಜೋಪಾನವಾಗಿ ಮಡಚಿ ಕೈಚೀಲದೊಳಗಿಟ್ಟಳು. ಬಾಗಿಲ ಬಳಿ ನಿಂತು, “ನಾನು ಬರಲ್ಲ ನಾಳೆ. ಟೆಲಿಫೋನ್ ಎಕ್ಸ್‌ಚೇಂಜಿಗೆ ರಜೆ,” ಎಂದು ಹೇಳಿ ಹೋದಳು.

ಭಾನುವಾರ ಅಂಗಡಿಗೆ ರಜೆ. ಷಟರ್ ಅರ್ಧ ಎಳೆದು, ಇಸ್ತ್ರಿ ಮೇಜಿನ ಮೇಲೆ ಟಿವಿ ಇಟ್ಟು, ಎರಡು ಸ್ಟೂಲು ಹಾಕಿದೆ. ಬಾಯ್ಲರ್ ಆರಿಸಿದ್ದರೂ ಸಣ್ಣಗೆ ಉಸಿರಾಡುತ್ತಿತ್ತು. ಮೇಲೆ ಕಂಬಿಯಲ್ಲಿ ಊರಿನ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಒಂದು ಸಲ ಹೊಡೆದು ಸುಮ್ಮನಾಯಿತು. ಒಂದು ಗಂಟೆ ಒಂಬತ್ತು ನಿಮಿಷ. ಯಾರೂ ಇಲ್ಲ. ಇದು ನನ್ನ ಜೀವನದ ಅತಿ ಉದ್ದದ ನಿಮಿಷ, ಇದರೊಳಗೆ ಎರಡು ಅಂಗಿ ಒಗೆದು ಒಣಗಿಸಬಹುದಿತ್ತು.

ಒಂದು ಹತ್ತಕ್ಕೆ ಷಟರಿನ ಕೆಳಗೆ ಎರಡು ಬೂಟು ಬಂದು ನಿಂತವು.

ಭಾವ ಬಗ್ಗಿ ಒಳಗೆ ಬಂದರು. ಸುತ್ತ ನೋಡಿದರು. “ನಿನ್ನ ತಮ್ಮನಿಗೆ ಹೇಳು...” ಎಂದು ಅಭ್ಯಾಸಬಲದಿಂದ ಶುರುಮಾಡಿ, ಅಕ್ಕ ಇಲ್ಲದ್ದು ನೋಡಿ ಗಂಟಲು ಸರಿಮಾಡಿಕೊಂಡರು. ಬೇರೆ ದಾರಿ ಕಾಣದೆ ಕಂಬಿಯಲ್ಲಿದ್ದ ಒಂದು ಕಂದು ಕೋಟಿನ ಕಡೆ ತಿರುಗಿದರು.

“ಇವನ್ನ ಕೇಳಪ್ಪಾ, ನಿಜವಾಗ್ಲೂ ಸುಳ್ಳು ಹೇಳಿದ್ನಾ ಅಂತ.”

ಕೋಟು ಉತ್ತರ ಕೊಡಲಿಲ್ಲ. “ಹೌದು ಭಾವ,” ಅಂದೆ.

“ಹದಿನೇಳು ವರ್ಷ?”

“ಹೌದು.”

“ಕೊನೆ ಗೊತ್ತಿಲ್ವಾ?”

“ಗೊತ್ತಿಲ್ಲ.”

“ಯಾರೂ ಹೇಳಿಲ್ವಾ? ಎಲ್ಲೂ ಓದಿಲ್ವಾ?”

“ಇಲ್ಲ ಭಾವ.”

ಅವರು ಹತ್ತಿರ ಬಂದು, ಕನ್ನಡಕ ಮೇಲೆ ಸರಿಸಿ, ನನ್ನ ಮುಖವನ್ನು ವೇಳಾಪಟ್ಟಿಯಲ್ಲಿ ತಪ್ಪು ಹುಡುಕುವ ಹಾಗೆ ಹಣೆಯಿಂದ ಗದ್ದದವರೆಗೆ ಓದಿದರು. ತುಂಬ ಹೊತ್ತು ಓದಿದರು.

“ಏನೂ ಕಾಣ್ತಿಲ್ಲ,” ಅಂದರು ಕೊನೆಗೆ. “ಪೂರ್ತಿ ಖಾಲಿ.” ನನ್ನ ಮುಖಕ್ಕೆ ಅಷ್ಟು ಒಳ್ಳೆಯ ಮಾತು ಯಾರೂ ಹೇಳಿರಲಿಲ್ಲ.

ಎರಡನೇ ಕಂಟ್ರೋಲರಿನ ಪ್ಲಾಸ್ಟಿಕ್ ಅವರೇ ಹರಿದರು. ಸರೋವರ ತೆರೆದುಕೊಂಡಿತು. ಹದಿನೇಳು ವರ್ಷದಿಂದ ದೋಣಿ ಆ ಕಟ್ಟೆಗೆ ಒರಗಿ ನಿಂತೇ ಇತ್ತು, ಯಾರ ಮೇಲೂ ಸಿಟ್ಟಿಲ್ಲದೆ.

ಮೊದಲು ಸುತ್ತಿದೆವು. ಎರಡು ಹುಟ್ಟು ಒಂದೇ ತಾಳಕ್ಕೆ ಬೀಳದಿದ್ದರೆ ದೋಣಿ ಬುಗುರಿ ಆಗುತ್ತದೆ.

“ನೀನು ಬೇಗ ಎಳೀತಿದ್ದೀಯ.”

“ನೀವು ನಿಧಾನ.”

“ಹತ್ತು ಸಾವಿರ ಬಸ್ಸಿಗೆ ಟೈಮ್ ಹಾಕಿದ್ದೀನಿ, ನನಗೆ ನಿಧಾನ ಅಂತೀಯಾ? ಮಾತಾಡ್ಬೇಡ, ನಾನು ಎಣಿಸ್ತೀನಿ, ನೀನು ಎಳಿ. ಒಂದು... ಎರಡು...”

ಅವರು ಎಣಿಸಿದರು. ದೋಣಿ ನೇರವಾಯಿತು. ದ್ವೀಪಗಳು ಹಿಂದೆ ಸರಿದವು. ಮಂಜು ಪರದೆಯಲ್ಲಿತ್ತೋ ಬಾಯ್ಲರಿನಿಂದ ಬಂತೋ ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಟಿವಿಯ ಅಂಚು ಕಾಣಲಿಲ್ಲ, ಆಮೇಲೆ ಮೇಜು ಕಾಣಲಿಲ್ಲ. ಕಂಬಿಯ ಬಟ್ಟೆಗಳು ದಡದ ಮೇಲೆ ಸಾಲಾಗಿ ನಿಂತ ಜನರ ಹಾಗೆ ಕಂಡವು, ಒಂದು ಬಿಳಿ ಅಂಗಿ ಕೈ ಎತ್ತಿ ಬೀಸಿತು. ಎಲ್ಲೋ ಒಂದು ಹಕ್ಕಿ, ಹ್ಯಾಂಗರಿಗೆ ಹ್ಯಾಂಗರ್ ತಾಗಿದಂತೆ, ಟಿಣ್ ಎಂದಿತು. ನೀರಿನ ವಾಸನೆ ಬಂತು. ಪೀಪಾಯಿಯದಲ್ಲ. ಆಳವಾದ, ತಣ್ಣಗಿನ, ಯಾರೂ ಬಟ್ಟೆ ಒಗೆಯದ ನೀರಿನದು.

“ಭಾವ, ನಿಮ್ಮ ಕಾಲು ಒದ್ದೆಯಾ?”

“ಹೂಂ. ನಿಂದು?”

“ಮಂಡಿವರೆಗೆ.”

“ಸುಮ್ನೆ ಹುಟ್ಟು ಹಾಕು. ಇಪ್ಪತ್ತಮೂರು... ಇಪ್ಪತ್ತನಾಲ್ಕು...”

ದೂರದಲ್ಲಿ ಒಂದು ಬೆಳಕು ಕಂಡಿತು, ಆಚೆ ದಡದ್ದು. ಭಾವ ಎಣಿಸುವುದನ್ನು ನಿಲ್ಲಿಸಿದರು.

“ಅದೇನು?”

“ಗೊತ್ತಿಲ್ಲ.”

“ಇನ್ನೊಂದು ಸಲ ಹೇಳು.”

“ಗೊತ್ತಿಲ್ಲ ಭಾವ.”

ಅವರು ನಕ್ಕರು. ಎರಡು ವರ್ಷ ಮುಚ್ಚಿದ್ದ ಡಿಪೋದ ಬಾಗಿಲು ತೆರೆದಂತೆ ಮೊದಲು ಕಿರುಗುಟ್ಟಿ ಆಮೇಲೆ ಪೂರ್ತಿ ತೆರೆಯುವ ನಗು. ನಾವು ಆ ಬೆಳಕಿನ ಕಡೆ ಹುಟ್ಟು ಹಾಕಿದೆವು.

ಆಚೆ ದಡದಲ್ಲಿ ಏನಿತ್ತು ಎಂದು ಅಕ್ಕ ಕೇಳಿದ್ದಾಳೆ. ಗುಮಾಸ್ತರು ಕೇಳಿದ್ದಾರೆ. ಹಲ್ಲಿನ ಡಾಕ್ಟರ ಬಳಿಯ ಹೆಂಗಸು ಇನ್ನೊಂದು ಡಬ್ಬಿ ಚಂದ್ರನ ಧೂಳು ತಂದುಕೊಡುತ್ತೇನೆಂದು ಆಸೆ ತೋರಿಸಿದ್ದಾಳೆ. ನೀವೂ ಕೇಳಬೇಡಿ.

ವಾಪಸ್ ಬಂದಾಗ ಭಾವನ ಕೈಗಡಿಯಾರದಲ್ಲಿ ಒಂದು ಮೂವತ್ತೈದು. ಅಂಗಡಿಯ ಗೋಡೆ ಗಡಿಯಾರದಲ್ಲಿ ಐದು ಐವತ್ತು. ಇಬ್ಬರೂ ಎರಡನ್ನೂ ನೋಡಿದೆವು. ವೇಳಾಪಟ್ಟಿ ಮಾಡುವವರು ಅವರು, ನಾನಲ್ಲ. ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದೆ. ಅಂದಿನಿಂದ ಅದು ಸರಿಯಾಗಿಯೇ ನಡೆಯುತ್ತಿದೆ.

ಸೋಮವಾರ ಅವರು ಹೊರಟರು. ಬಸ್ಸು ಹೊರಡುವ ಮುಂಚೆ ಅಕ್ಕ ಕಿಟಕಿಯಿಂದ ತಲೆ ಹಾಕಿ, “ನಿಮ್ಮ ಭಾವ ಬೆಳಗಿನ ಜಾವ ಕನಸಲ್ಲಿ ಎಣಿಸ್ತಿದ್ರು ಕಣೋ, ನನ್ನ ನಿದ್ದೆ ಹಾಳು,” ಎಂದು ಬೈದಳು. ಬೈಯುವಾಗ ಅವಳ ಮುಖ ಹಬೆ ಹಾಕಿದ ಕಾಲರಿನ ಹಾಗೆ ಚೊಕ್ಕವಾಗಿತ್ತು.

ಈಗ ಪ್ರತಿ ಶುಕ್ರವಾರ ಎಂಟು ಗಂಟೆಯ ದಾರಿಯಿಂದ ಬಸ್ಸಿನಲ್ಲಿ ಒಂದು ಗಂಟು ಬರುತ್ತದೆ, ನಿಮಿಷ ತಪ್ಪದೆ. ಆ ಊರಿನಲ್ಲೂ ಲಾಂಡ್ರಿಗಳಿವೆ. ಮೊದಲ ಗಂಟಿನಲ್ಲಿ ಆ ಭಾನುವಾರದ ಪ್ಯಾಂಟಿತ್ತು, ಮಂಡಿಯವರೆಗೆ ಹಸಿರು, ಯಾವ ಕೆರೆಯಲ್ಲೂ ಇಲ್ಲದ ಹಸಿರು. ವಿನಿಗರ್ ಹಾಕಿದೆ, ನಿಂಬೆ ಹಾಕಿದೆ. ಹೋಗಲಿಲ್ಲ. ಹಾಗೇ ಇಸ್ತ್ರಿ ಹಾಕಿ ಕಳಿಸಿದೆ.

ಪ್ಯಾಂಟಿನ ಸೊಂಟದ ಪಟ್ಟಿಗೆ ಒಂದು ಚೀಟಿ ಪಿನ್ ಮಾಡಿತ್ತು. ಒಂದು ಪುಸ್ತಕದ ಹೆಸರು, ನನಗೆ ಗೊತ್ತಿಲ್ಲದ್ದು. ಕೆಳಗೆ ನೇರವಾದ ಅಕ್ಷರದಲ್ಲಿ: ‘ನಾನೂ ಇನ್ನೂ ಮುಗಿಸಿಲ್ಲ. ನೀನು ಮೊದಲು ಮುಗಿಸಿದರೆ ಬಾಯಿ ಮುಚ್ಚಿಕೊಂಡಿರು.’

ಮುಗಿಸಿಲ್ಲ. ಇನ್ನೂರ ಹನ್ನೆರಡನೇ ಪುಟದಲ್ಲಿ ಒಂದು ಸೇತುವೆ ಇದೆ, ಅದರ ಈಚೆಗೆ ನಿಂತಿದ್ದೇನೆ. ಭಾವ ಇನ್ನೂ ನೂರ ತೊಂಬತ್ತರಲ್ಲಿದ್ದಾರಂತೆ, ದಿನಕ್ಕೊಂದೇ ಅಧ್ಯಾಯ. ಬರಲಿ. ಇಲ್ಲಿ ಸ್ವಲ್ಪ ಚಳಿ ಅಷ್ಟೇ.